ಮಗು ಬೇಕೆಂದುಕೊಂಡಾಗ ಊಟ ಹೇಗಿರಬೇಕು: ಯಾವುದು ಮೊದಲು, ಯಾವುದು ಆಮೇಲೆ

"ಮೂರು ವಾರ ಡಯಟ್ ಮಾಡಿದೆ, ಏನೂ ಆಗಲಿಲ್ಲ." ಈ ಮಾತು ಕೇಳಿ ಕೇಳಿ ಇದನ್ನು ಬರೆಯಲು ಕೂತಿದ್ದೇನೆ. ಸ್ವಲ್ಪ ಕೆದಕಿದರೆ ಕಥೆ ಹೆಚ್ಚುಕಡಿಮೆ ಒಂದೇ. ಯಾವುದೋ ವಿಡಿಯೊ ನೋಡಿ ಚಿಯಾ ಬೀಜ, ಕುಂಬಳ ಬೀಜ ತರಿಸಿರುತ್ತಾರೆ. ಅನ್ನ ಪೂರ್ತಿ ಬಿಟ್ಟಿರುತ್ತಾರೆ. ಮುಟ್ಟು ಬಂದ ದಿನ ಬೇಜಾರಾಗಿ ಎಲ್ಲವನ್ನೂ ಕೈಬಿಟ್ಟಿರುತ್ತಾರೆ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿದರೆ ಗೊತ್ತಿಲ್ಲ. ಥೈರಾಯ್ಡ್ ಟೆಸ್ಟ್ ಮಾಡಿಸಿದ್ದು ಯಾವ ಕಾಲದಲ್ಲೋ.

ಶ್ರದ್ಧೆಗೇನೂ ಕಡಿಮೆಯಿಲ್ಲ. ಆದರೆ ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿ, ಮೊದಲು ಮಾಡಬೇಕಾದ್ದನ್ನು ಮರೆತಿರುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ.

## ಶುರುವಿಗೆ ಮುಂಚೆ: ಊಟದ ಕೈಲಿ ಏನಿದೆ, ಏನಿಲ್ಲ

ಊಟ ಮುಖ್ಯವಾಗಿ ಪ್ರಭಾವ ಬೀರುವುದು ಓವ್ಯುಲೇಶನ್ ಮೇಲೆ, ಅಂದರೆ ತಿಂಗಳಿಗೊಮ್ಮೆ ಅಂಡ ಬಿಡುಗಡೆಯಾಗುವುದರ ಮೇಲೆ. ಪಿಸಿಒಡಿ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಲಿಯದ ತೊಂದರೆ) ಇದ್ದವರಿಗೆ, ತೂಕ ತೀರಾ ಜಾಸ್ತಿ ಅಥವಾ ತೀರಾ ಕಡಿಮೆ ಇದ್ದವರಿಗೆ ಇಲ್ಲಿ ನಿಜವಾದ ಲಾಭ ಕಾಣುತ್ತದೆ. ಗರ್ಭ ನಿಂತ ಮೇಲೆ ಮಗುವಿಗೆ ಬೇಕಾಗುವ ಕಬ್ಬಿಣ, ಫೋಲೇಟ್, ಬಿ12 ಕೂಡಿಡುವುದೂ ಊಟದ ಕೆಲಸವೇ.

ಮುಚ್ಚಿಹೋದ ಗರ್ಭನಾಳವನ್ನು ಯಾವ ಸೊಪ್ಪೂ ತೆರೆಯುವುದಿಲ್ಲ. ನಮ್ಮ ದೇಶದಲ್ಲಿ ಗರ್ಭನಾಳಕ್ಕೆ ಟಿಬಿ ತಗುಲಿ ಮಗುವಾಗದಿರುವವರೂ ಇದ್ದಾರೆ. ಅದಕ್ಕೆ ಬೇಕಾದ್ದು ಔಷಧಿ. ಅಂಡಗಳ ಸಂಖ್ಯೆ ಹುಟ್ಟಿನಿಂದಲೇ ಬಂದದ್ದು, ಉಳಿದ ಅಂಡಗಳ ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆಯಲ್ಲಿ ಕಡಿಮೆ ಎಂದು ಬಂದರೆ ಅದನ್ನು ಏರಿಸುವ ಆಹಾರ ಇಲ್ಲ. ಗಂಡನ ವೀರ್ಯಾಣು ಕಡಿಮೆಯಿದ್ದರೆ ಹೆಂಡತಿ ಎಷ್ಟು ನುಗ್ಗೆಸೊಪ್ಪು ತಿಂದರೂ ಅದು ಸರಿಹೋಗುವುದಿಲ್ಲ. ಇದು ಎಲ್ಲರಿಗೂ ಗೊತ್ತು ಅಂದ್ಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಇನ್ನೂ ಪಥ್ಯ ಸೊಸೆಗೆ ಮಾತ್ರ.

ವಯಸ್ಸು 35 ದಾಟಿದ್ದರೆ "ಮೊದಲು ಊಟ ಸರಿ ಮಾಡ್ಕೊಳ್ತೀನಿ, ಆಮೇಲೆ ಡಾಕ್ಟರ್" ಎನ್ನಬೇಡಿ. ಎರಡೂ ಒಟ್ಟಿಗೇ ನಡೆಯಲಿ.

## ಕೈಯಲ್ಲಿರಬೇಕಾದ ಸಾಮಾನು

ಗೋಡೆ ಕ್ಯಾಲೆಂಡರ್ ಅಥವಾ ಒಂದು ನೋಟ್‌ಬುಕ್. ದರ್ಜಿ ಬಳಸುವ ಅಳತೆ ಟೇಪು. ತೂಕದ ಯಂತ್ರ ಮನೆಯಲ್ಲಿಲ್ಲದಿದ್ದರೆ ಔಷಧಿ ಅಂಗಡಿಯದ್ದೇ ಸಾಕು, ಆದರೆ ಪ್ರತಿ ಸಲವೂ ಅದೇ ಯಂತ್ರ. ಮನೆಯಲ್ಲಿ ಯಾವಾಗಲೂ ನಾಲ್ಕು ನಿಂಬೆಹಣ್ಣು. ಇಷ್ಟೇ. ದುಬಾರಿ ಪುಡಿ, ಡಬ್ಬ ಏನೂ ಬೇಡ.

## ಹಂತ 1: ಮೂರು ತಿಂಗಳು ಗುರುತು ಮಾಡಿ

ಅಂಡವೊಂದು ಬೆಳೆದು ಬಿಡುಗಡೆಗೆ ಸಿದ್ಧವಾಗುವ ಕೊನೆಯ ಘಟ್ಟಕ್ಕೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಬೇಕು. ಇವತ್ತು ಬದಲಿಸಿದ ಊಟದ ಫಲ ಮುಂದಿನ ಮುಟ್ಟಿನೊಳಗೆ ಕಾಣಲಿಲ್ಲ ಎಂದು ಬೇಜಾರಾಗುವುದಕ್ಕೆ ಅರ್ಥವೇ ಇಲ್ಲ.

ಕ್ಯಾಲೆಂಡರಿನಲ್ಲಿ ಮುಟ್ಟಿನ ಮೊದಲ ದಿನಕ್ಕೆ ಸುತ್ತು ಹಾಕಿ. ಆ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ಅದು 21ರಿಂದ 35 ದಿನಗಳೊಳಗೆ ಇದ್ದರೆ ಸಾಮಾನ್ಯ. ಎಷ್ಟು ದಿನ ರಕ್ತ ಹೋಯಿತು, ನೋವು ಹೇಗಿತ್ತು, ಅದನ್ನೂ ಪಕ್ಕದಲ್ಲಿ ಬರೆಯಿರಿ. ಊಟದ ಬದಲಾವಣೆ ಕೆಲಸ ಮಾಡುತ್ತಿದೆಯೇ ಎಂಬ ಮೊದಲ ಸುಳಿವು ಸಿಗುವುದು ಇಲ್ಲಿಂದಲೇ: 50 ದಿನಕ್ಕೆ ಬರುತ್ತಿದ್ದ ಮುಟ್ಟು 42ಕ್ಕೆ, ಆಮೇಲೆ 36ಕ್ಕೆ ಬರತೊಡಗುತ್ತದೆ.

## ಹಂತ 2: ಪರೀಕ್ಷೆ ಮೊದಲು, ಪಥ್ಯ ಆಮೇಲೆ

ಇದನ್ನು ಬಿಟ್ಟವರೇ ಜಾಸ್ತಿ ಸೋಲುವುದು. ಥೈರಾಯ್ಡ್ ತೊಂದರೆಯಿಂದ ತೂಕ ಏರುತ್ತಿರುವಾಗ ಅನ್ನ ಬಿಟ್ಟು ಏನು ಪ್ರಯೋಜನ?

ವೈದ್ಯರನ್ನು ಕೇಳಿ ಇವನ್ನು ಮಾಡಿಸಿ: ರಕ್ತದ ಪೂರ್ತಿ ಎಣಿಕೆ (ಸಿಬಿಸಿ), ಮೈಯಲ್ಲಿ ಕೂಡಿಟ್ಟ ಕಬ್ಬಿಣ ಹೇಳುವ ಫೆರಿಟಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ವಿಟಮಿನ್ ಬಿ12. ಒಂದೇ ಒಂದು ಸಲ ಥಲಸ್ಸೀಮಿಯಾ (ವಂಶದಲ್ಲಿ ಬರುವ ರಕ್ತದ ಕಾಯಿಲೆ) ಪರೀಕ್ಷೆಯೂ ಆಗಲಿ. ಗಂಡ ಹೆಂಡತಿ ಇಬ್ಬರಲ್ಲೂ ಅದರ ವಾಹಕ ಗುಣ (ತಮಗೆ ಕಾಯಿಲೆ ಇಲ್ಲದೆ ಮಗುವಿಗೆ ದಾಟಿಸುವ ಗುಣ) ಇದ್ದರೆ ಗರ್ಭ ಧರಿಸುವ ಮುಂಚೆಯೇ ಗೊತ್ತಾಗುವುದು ಒಳ್ಳೆಯದು.

ಎಚ್‌ಬಿಎ1ಸಿ 5.7 ದಾಟಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮತ್ತು ಮೇಲಿದ್ದರೆ ಸಕ್ಕರೆ ಕಾಯಿಲೆ. ಆಗ ಸಕ್ಕರೆ ಹತೋಟಿಗೆ ತಂದ ಮೇಲೆಯೇ ಗರ್ಭದ ಯೋಚನೆ ಮಾಡಬೇಕು. ಮೊದಲ ವಾರಗಳಲ್ಲಿ ತಾಯಿಯ ಸಕ್ಕರೆ ಜಾಸ್ತಿ ಇದ್ದರೆ ಮಗುವಿನ ಅಂಗಗಳು ರೂಪುಗೊಳ್ಳುವಾಗಲೇ ದೋಷ ಬರಬಹುದು.

ಒಂದು ಸಣ್ಣ ತಪ್ಪು ತುಂಬ ಜನ ಮಾಡುತ್ತಾರೆ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

## ಹಂತ 3: ಫೋಲಿಕ್ ಆಸಿಡ್ ಇವತ್ತೇ ಶುರು ಮಾಡಿ

ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ನಿಂತ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ "ಈ ತಿಂಗಳು ಎರಡು ವಾರ ತಡವಾಯ್ತಲ್ಲ" ಎಂದು ನೀವಿನ್ನೂ ಲೆಕ್ಕ ಹಾಕುತ್ತಿರುತ್ತೀರಿ. ಅದಕ್ಕೇ ಈ ನಾಳ ಸರಿಯಾಗಿ ಮುಚ್ಚಲು ಬೇಕಾದ ಫೋಲಿಕ್ ಆಸಿಡನ್ನು (ಫೋಲೇಟಿನ ಮಾತ್ರೆ ರೂಪ) ಟೆಸ್ಟ್ ಪಾಸಿಟಿವ್ ಬಂದ ಮೇಲೆ ಶುರು ಮಾಡಿದರೆ ತಡವಾಗುತ್ತದೆ. ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮೊದಲೇ ಶುರು ಮಾಡಿ, ಗರ್ಭದ 12ನೇ ವಾರದವರೆಗೆ ಮುಂದುವರಿಸಬೇಕು.

ಅಳತೆಯಲ್ಲಿ ಎಡವುವವರು ಬಹಳ. ಸಾಮಾನ್ಯವಾಗಿ ಬೇಕಾದ್ದು ದಿನಕ್ಕೆ 400 ಮೈಕ್ರೋಗ್ರಾಂ, ಅಂದರೆ 0.4 ಮಿಲಿಗ್ರಾಂ. ಔಷಧಿ ಅಂಗಡಿಯಲ್ಲಿ ಸುಮ್ನೆ "ಫೋಲಿಕ್ ಆಸಿಡ್ ಕೊಡಿ" ಎಂದರೆ 5 ಮಿಲಿಗ್ರಾಂ ಮಾತ್ರೆ ಕೈಗೆ ಬರುವುದೇ ಹೆಚ್ಚು. ಅದು ಹನ್ನೆರಡು ಪಟ್ಟು ಜಾಸ್ತಿ. ಹಿಂದೆ ಬೆನ್ನುಹುರಿಯ ದೋಷವಿದ್ದ ಮಗು ಹುಟ್ಟಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರು ಅಂಥ ದೊಡ್ಡ ಅಳತೆ ಬರೆಯುತ್ತಾರೆ. ಉಳಿದವರು ಮಾತ್ರೆಯ ಸ್ಟ್ರಿಪ್ ಮೇಲಿನ ಅಳತೆ ಓದಿಯೇ ಕೊಳ್ಳಬೇಕು. ಬಿ12 ಕೊರತೆ ಇರುವವರಲ್ಲಿ ದೊಡ್ಡ ಅಳತೆಯ ಫೋಲಿಕ್ ಆಸಿಡ್ ಆ ಕೊರತೆಯನ್ನು ಮರೆಮಾಚಬಹುದು. ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ಪಿಸಿಒಡಿಗೆಂದು ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರಲ್ಲೂ ಬಿ12 ಇಳಿಯುತ್ತದೆ.

ಮೆಂತ್ಯ ಸೊಪ್ಪು, ಪಾಲಕ್, ಹೆಸರುಕಾಳಿನಲ್ಲಿ ಫೋಲೇಟ್ ಇದೆ, ನಿಜ. ಬೇಯಿಸಿ ನೀರು ಬಸಿದರೆ ಅದರಲ್ಲಿ ಒಂದು ಪಾಲು ನೀರಿಗೆ ಹೋಗುತ್ತದೆ. ಬಸ್ಸಾರು ಮಾಡುವವರು ಆ ಕಟ್ಟನ್ನು ಸಾರಿಗೇ ಹಾಕುತ್ತಾರೆ, ಬಹಳ ಒಳ್ಳೆಯದು. ಆದರೂ ಮಾತ್ರೆಯ ಬದಲಿಗೆ ಸೊಪ್ಪು ಸಾಕು ಎನ್ನಬೇಡಿ.

## ಹಂತ 4: ರಕ್ತ ಕಡಿಮೆ ಇದ್ದರೆ ಅದನ್ನು ಸರಿಮಾಡಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದೇ ಲೆಕ್ಕ. "ನನಗೆ 10 ಇದೆ, ಪರವಾಗಿಲ್ಲ ಅಲ್ವಾ?" ಎಂದು ಕೇಳುತ್ತಾರೆ. ಪರವಾಗಿಲ್ಲ ಎನ್ನುವಂತಿಲ್ಲ. ಗರ್ಭ ನಿಂತ ಮೇಲೆ ಅದು ಇನ್ನೂ ಇಳಿಯುತ್ತದೆ.

ಕಬ್ಬಿಣದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ಸರ್ಕಾರದ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಅಂದರೆ ದಿನವೂ ಇದನ್ನು ತಿನ್ನುವವರಿಗೆ ಹಂತ 3 ಇದರಲ್ಲೇ ಮುಗಿಯಿತು. ದಿನವೂ ಬೇಕೋ ವಾರಕ್ಕೊಂದು ಸಾಕೋ ಎಂಬುದನ್ನು ವರದಿ ನೋಡಿ ವೈದ್ಯರು ಹೇಳಲಿ.

ಮಾತ್ರೆ ತಿಂದೂ ರಕ್ತ ಏರದಿರುವುದಕ್ಕೆ ಮುಖ್ಯ ಕಾರಣ ಅದನ್ನು ತಿನ್ನುವ ಹೊತ್ತು. ಊಟವಾದ ಕೂಡಲೇ ಮಾತ್ರೆ, ಅದರ ಹಿಂದೆಯೇ ಕಾಫಿ. ಕಾಫಿ, ಟೀಯ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಅಡ್ಡಬರುತ್ತವೆ. ಹೀಗೆ ಮಾಡಿ: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಜೊತೆಗೆ ಅರ್ಧ ನಿಂಬೆಹಣ್ಣು ಹಿಂಡಿದ ನೀರು. ಕಾಫಿಗೆ ಮೊದಲು ಕನಿಷ್ಠ ಒಂದು ಗಂಟೆ ಬಿಡಿ, ಕ್ಯಾಲ್ಸಿಯಂಗೆ ಎರಡು ಗಂಟೆ. ಹೊಟ್ಟೆ ತೊಳಸಿದರೆ ಊಟದ ನಂತರ ತಿನ್ನಿ, ಬಿಟ್ಟುಬಿಡಬೇಡಿ. ಮಲ ಕಪ್ಪಗಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಊಟದಲ್ಲೂ ಇದೇ ಉಪಾಯ. ಹುರಳಿಸಾರಿಗೆ, ಹರಿವೆ ಸೊಪ್ಪಿನ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಕುದಿಯುವಾಗ ಹಿಂಡಿದರೆ, ಕಬ್ಬಿಣ ಮೈಗೆ ಸೇರಲು ನೆರವಾಗುವ ವಿಟಮಿನ್ ಸಿ ನಷ್ಟ. ಕಾಳು ಮೊಳಕೆ ಕಟ್ಟಿಸಿದರೆ ಕಬ್ಬಿಣ ಇನ್ನಷ್ಟು ಸುಲಭವಾಗಿ ಮೈಗೆ ಸೇರುತ್ತದೆ. ಮೀನು, ಮಾಂಸ ತಿನ್ನುವವರಿಗೆ ಈ ತಾಪತ್ರಯ ಕಡಿಮೆ. ಬಂಗುಡೆ, ಬೂತಾಯಿಯಂಥ ಸಣ್ಣ ಮೀನು ಒಳ್ಳೆಯದು. ಶಾರ್ಕ್‌ನಂಥ ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ, ಅದು ಬೇಡ.

ಒಂದೂವರೆ ತಿಂಗಳ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿಸಿ. ಸರಿಯಾಗಿ ತಿಂದೂ ಏರಿಲ್ಲ ಎಂದರೆ ಬೇರೆ ಕಾರಣವಿದೆ: ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿರಬಹುದು, ಹೊಟ್ಟೆಹುಳ ಇರಬಹುದು, ಬಿ12 ಕಡಿಮೆ ಇರಬಹುದು, ಥಲಸ್ಸೀಮಿಯಾ ಗುಣ ಇರಬಹುದು. ಮಾತ್ರೆ ಎರಡು ಮಾಡಿಕೊಳ್ಳಬೇಡಿ, ಕಾರಣ ಹುಡುಕಿಸಿ.

## ಹಂತ 5: ತೂಕ, ಎರಡೂ ಕಡೆ ನೋಡಿ

ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 1.57 ಮೀಟರ್ ಎತ್ತರ, 64 ಕಿಲೋ ಇದ್ದರೆ ಸುಮಾರು 26 ಬರುತ್ತದೆ. ಭಾರತೀಯರಿಗೆ 18.5ರಿಂದ 23ರೊಳಗೆ ಸರಿ, 25 ದಾಟಿದರೆ ಬೊಜ್ಜು. ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು.

ಪಿಸಿಒಡಿ ಇದ್ದು ತೂಕವೂ ಜಾಸ್ತಿ ಇರುವವರಿಗೆ ಒಂದು ಸಮಾಧಾನದ ವಿಷಯ. ತೂಕದ ಶೇ 5ರಿಂದ 10 ಇಳಿದರೂ ಎಷ್ಟೋ ಮಂದಿಯಲ್ಲಿ ಓವ್ಯುಲೇಶನ್ ಮರಳುತ್ತದೆ. 64 ಕಿಲೋದವರಿಗೆ ಅದು ಮೂರರಿಂದ ಆರು ಕಿಲೋ. ಮೂರು ತಿಂಗಳಲ್ಲಿ ಮೂರು ಕಿಲೋ ಇಳಿಸುವುದು ಸಾಧ್ಯವಿರುವ ಮಾತು. ಮದುವೆಗೆ ಮುಂಚಿನ ಸೊಂಟ ವಾಪಸ್ ಬರಬೇಕು ಎಂದು ಹೊರಟರೆ ಆರನೇ ದಿನ ಬೇಕರಿ ಮುಂದೆ ನಿಂತಿರುತ್ತೀರಿ.

ಇನ್ನೊಂದು ಬದಿಯನ್ನು ಯಾರೂ ಕೇಳುವುದಿಲ್ಲ. ಸಣ್ಣಗಿರುವವಳನ್ನು ನೋಡಿ "ಅವಳಿಗೇನು, ಚೆನ್ನಾಗಿದ್ದಾಳೆ" ಎನ್ನುತ್ತಾರೆ. ಬೆಳಗ್ಗೆ ಏಳಕ್ಕೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ತಿಂಡಿ ಬಿಟ್ಟು, ಸಂಜೆ ಜಿಮ್ಮಿಗೆ ಹೋಗಿ, ಸೋಮವಾರ ಉಪವಾಸ, ಸಂಕಷ್ಟಿಗೆ ಮತ್ತೊಂದು ಉಪವಾಸ. ಮೈಗೆ ಬೇಕಾದ ಶಕ್ತಿ ಸಿಗದಿದ್ದರೆ ಮೆದುಳು ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಓವ್ಯುಲೇಶನ್ ಒಂದು. ಮುಟ್ಟು ದೂರವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಇಂಥವರಿಗೆ ಕೀಟೊ (ಅನ್ನ, ರೊಟ್ಟಿ ಬಿಟ್ಟು ಕೊಬ್ಬು ಹೆಚ್ಚು ತಿನ್ನುವ ಪಥ್ಯ), ದಿನಕ್ಕೊಂದೇ ಊಟ ಎಲ್ಲ ಉಲ್ಟಾ ಹೊಡೆಯುತ್ತವೆ. ತಿಂಡಿ ತಿನ್ನಬೇಕು, ತುಪ್ಪ ಹಾಕಿಕೊಳ್ಳಬೇಕು, ಓಟ ಕಡಿಮೆ ಮಾಡಬೇಕು.

## ಹಂತ 6: ಈಗ ತಟ್ಟೆ

ನಮ್ಮ ತಟ್ಟೆಯ ತೊಂದರೆ ಅನ್ನವೊಂದೇ ಅಲ್ಲ, ಅನ್ನದ ಪಕ್ಕದಲ್ಲಿ ಏನೂ ಇಲ್ಲದಿರುವುದು. ಚಿತ್ರಾನ್ನ, ಉಪ್ಪಿಟ್ಟು, ಪುಳಿಯೋಗರೆ, ಅವಲಕ್ಕಿ: ಬೆಳಗಿನ ತಿಂಡಿ ಪೂರ್ತಿ ಪಿಷ್ಟ. ಮಧ್ಯಾಹ್ನ ತಿಳಿಸಾರು. ಸಂಜೆ ಟೀ, ರಸ್ಕು. ರಾತ್ರಿ ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದು. ಪಲ್ಯ ಅಷ್ಟೊತ್ತಿಗೆ ಖಾಲಿ. ಹಾಗಾಗಿ ಈ ಹಂತದ ಮೊದಲ ಕೆಲಸ ಅಡುಗೆಯದ್ದಲ್ಲ: ನಿಮ್ಮ ಪಾಲಿನ ಪಲ್ಯ, ಕಾಳು, ಮೊಟ್ಟೆಯನ್ನು ಬಡಿಸುವ ಮುಂಚೆಯೇ ಬೇರೆ ಡಬ್ಬಿಗೆ ಹಾಕಿಡಿ. ನಾಚಿಕೆಪಡಬೇಡಿ.

ಮೊದಲ ವಾರ ತಿಂಡಿಯನ್ನಷ್ಟೇ ಬದಲಿಸಿ. ಹೆಸರುಕಾಳಿನ ದೋಸೆ, ಮೊಳಕೆಕಾಳಿನ ಉಸಲಿ, ಎರಡು ಮೊಟ್ಟೆ, ಇವುಗಳಲ್ಲಿ ಒಂದು ಇರಲಿ. ಉಪ್ಪಿಟ್ಟೇ ಬೇಕೆಂದರೆ ರವೆ ಅರ್ಧ, ತರಕಾರಿ ಅರ್ಧ, ಮೇಲೊಂದು ಹಿಡಿ ಕಡಲೆಬೀಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋದವರಿಗೆ ಸುಮಾರು 46 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಕಡಲೆಬೀಜ ಅಥವಾ ಒಣಕಾಳಿನಲ್ಲಿ ಸುಮಾರು 7, ಒಂದು ಲೋಟ ಹಾಲಿನಲ್ಲಿ 6. ನಿಮ್ಮ ನಿನ್ನೆಯ ಊಟವನ್ನು ಕೂಡಿಸಿ ನೋಡಿ.

ಎರಡನೇ ವಾರ ಮಧ್ಯಾಹ್ನದ ಊಟ. ತಟ್ಟೆಯ ಅರ್ಧ ತರಕಾರಿ, ಸೊಪ್ಪು. ಕಾಲು ಭಾಗ ಕಾಳು, ಗಟ್ಟಿ ಬೇಳೆ, ಮೀನು ಅಥವಾ ಮೊಟ್ಟೆ. ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ಜೋಳದ ರೊಟ್ಟಿ. ತಿನ್ನುವ ಕ್ರಮವೂ ಮುಖ್ಯ. ಮೊದಲು ಪಲ್ಯ, ಕೋಸಂಬರಿ, ಆಮೇಲೆ ಅನ್ನ ತಿಂದರೆ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಪಿಸಿಒಡಿಯಲ್ಲಿ ಇನ್ಸುಲಿನ್ ಜಾಸ್ತಿಯಾಗುವುದೇ ದೊಡ್ಡ ಕಿರಿಕಿರಿ. ಅದು ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸಿ ಅಂಡ ಬಲಿಯುವುದನ್ನು ತಡೆಯುತ್ತದೆ.

ರಾಗಿ ಬಗ್ಗೆ ಒಂದು ಮಾತು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರವೂ ಬರುವುದಿಲ್ಲ. ಆದರೆ ರಾಗಿಯೂ ಪಿಷ್ಟವೇ. ಬೆಲ್ಲ ಹಾಕಿದ ತೆಳ್ಳನೆ ರಾಗಿ ಮಾಲ್ಟ್ ಎರಡು ಲೋಟ ಕುಡಿದು "ನಾನು ಸಿರಿಧಾನ್ಯ ತಿಂತೀನಿ" ಎಂದರೆ ಸಕ್ಕರೆ ಏರದೆ ಇರುವುದಿಲ್ಲ. ಒಂದು ಮಧ್ಯಮ ಗಾತ್ರದ ಮುದ್ದೆ, ಅದರ ಜೊತೆ ಗಟ್ಟಿ ಕಾಳುಸಾರು, ಸೊಪ್ಪು. ಇಷ್ಟಾದರೆ ಚೆಂದ.

ಮೂರನೇ ವಾರ ಸಂಜೆ: ಬಿಸ್ಕತ್ತಿನ ಬದಲು ಹುರಿಗಡಲೆ, ಸೀಬೆಹಣ್ಣು, ಮಜ್ಜಿಗೆ. ನಾಲ್ಕನೇ ವಾರ ಎಣ್ಣೆ. ಪಫ್ಸ್, ಖಾರಾ ಬಿಸ್ಕತ್ತು, ವನಸ್ಪತಿಯಲ್ಲಿ ಮಾಡಿದ ಸಿಹಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬೋಂಡ ಇವುಗಳಲ್ಲಿ ಟ್ರಾನ್ಸ್ ಕೊಬ್ಬಿನ (ಎಣ್ಣೆಯನ್ನು ಗಟ್ಟಿ ಮಾಡಿದಾಗ, ಮತ್ತೆ ಮತ್ತೆ ಕಾಯಿಸಿದಾಗ ಆಗುವ ಕೆಟ್ಟ ಕೊಬ್ಬು) ಭಯ. 2022ರ ಜನವರಿಯಿಂದ ಎಣ್ಣೆ, ಕೊಬ್ಬಿನಲ್ಲಿ ಇದು ಶೇ 2 ಮೀರಬಾರದು ಎಂಬ ನಿಯಮವಿದೆ. ರಸ್ತೆಬದಿ ಬಾಣಲೆಗೆ ಯಾರು ಅಳತೆ ಹಾಕುತ್ತಾರೆ?

ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವುದು ಅಮೆರಿಕದ ನರ್ಸ್‌ಗಳ ಅಧ್ಯಯನ. 17,544 ಮಂದಿಯನ್ನು ಎಂಟು ವರ್ಷ ಗಮನಿಸಿ 2007ರಲ್ಲಿ ಪ್ರಕಟಿಸಿದ್ದು. ಟ್ರಾನ್ಸ್ ಕೊಬ್ಬು ಕಡಿಮೆ, ಕಾಳುಗಳ ಪ್ರೋಟೀನ್ ಜಾಸ್ತಿ, ಕೆನೆ ತೆಗೆಯದ ಹಾಲು ಬಳಸಿದವರಲ್ಲಿ ಓವ್ಯುಲೇಶನ್ ತೊಂದರೆಯಿಂದ ಬರುವ ಬಂಜೆತನ ಕಡಿಮೆ ಕಂಡಿತು. ಇದು ನಂಟು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಇದನ್ನೋದಿ ಮೊಟ್ಟೆ, ಮೀನು ಬಿಟ್ಟವರೂ ಇದ್ದಾರೆ. ಆ ನರ್ಸ್‌ಗಳು ತಟ್ಟೆ ತುಂಬ ಮಾಂಸ ತಿನ್ನುವ ದೇಶದವರು, ನಮ್ಮಲ್ಲಿ ಹಲವರಿಗೆ ಪ್ರೋಟೀನೇ ಕಡಿಮೆ. ನೀವು ಬಿಡಬೇಡಿ.

## ಹಂತ 7: ಬಿಡಬೇಕಾದ್ದು, ಸುಮ್ನೆ ಹೆದರುವುದು

ಹೆಂಡ, ಸಿಗರೇಟು, ಗುಟ್ಕಾ, ಎಲೆಅಡಿಕೆ ಜೊತೆಯ ಹೊಗೆಸೊಪ್ಪು ಪೂರ್ತಿ ನಿಲ್ಲಬೇಕು, ಇಬ್ಬರದ್ದೂ. ಕಾಫಿ ಎರಡು ಚಿಕ್ಕ ಲೋಟ ಸಾಕು. ಗರ್ಭಿಣಿಯರಿಗೆ ಹೇಳುವ ಮಿತಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್. ಗರ್ಭ ನಿಂತ ದಿನ ನಿಮಗೆ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಈಗಿನಿಂದಲೇ ಅಭ್ಯಾಸ.

ಮಾಗಿದ ಪರಂಗಿಹಣ್ಣು, ಎಳ್ಳು, ಮೊಟ್ಟೆ "ಉಷ್ಣ" ಎಂದು ಬಿಡಿಸುತ್ತಾರೆ. ಕಾಯಿ ಪರಂಗಿಯ ಹಾಲು ಗರ್ಭಿಣಿಗೆ ಬೇಡ, ಸರಿ. ಮಾಗಿದ ಹಣ್ಣು ಧಾರಾಳವಾಗಿ ತಿನ್ನಿ. ಅಗಸೆ, ಗುರೆಳ್ಳು ಚಟ್ನಿಪುಡಿ ಒಳ್ಳೆಯ ಆಹಾರ. ಚಕ್ರದ ಮೊದಲರ್ಧಕ್ಕೆ ಒಂದು ಬೀಜ, ಎರಡನೇ ಅರ್ಧಕ್ಕೆ ಇನ್ನೊಂದು ಎಂಬ ಲೆಕ್ಕಕ್ಕೆ ಗಟ್ಟಿ ಆಧಾರವಿಲ್ಲ.

ಹೆಸರಿಲ್ಲದ ಚೂರ್ಣ, ಗುಳಿಗೆಗಳ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಮಗುವಾಗಲೆಂದು ತಿಂದ ಇಂಥ ಗುಳಿಗೆಗಳಿಂದ ಸೀಸ ಮೈಗೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

## ಹಂತ 8: ದಿನ ಲೆಕ್ಕ

ಊಟ ಸರಿಯಿದ್ದು ದಿನ ತಪ್ಪಿದರೂ ತಿಂಗಳು ಹೋಗುತ್ತದೆ. "12ರಿಂದ 16ನೇ ದಿನ" ಎಂಬುದು 28 ದಿನದ ಚಕ್ರದವರ ಲೆಕ್ಕ. ನಿಮ್ಮ ಚಕ್ರದ ಉದ್ದದಿಂದ 14 ಕಳೆಯಿರಿ. 35 ದಿನದವರಿಗೆ 21ನೇ ದಿನದ ಆಸುಪಾಸು ಅಂಡ ಬಿಡುಗಡೆ. ಆ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ ಗರ್ಭ ನಿಲ್ಲುವ ಅವಕಾಶ. ದಿನ ಬಿಟ್ಟು ದಿನ ಕೂಡಿದರೆ ಸಾಕು. ಚಕ್ರ ತೀರಾ ಏರುಪೇರಿದ್ದರೆ ಈ ಲೆಕ್ಕವನ್ನು ನಂಬಬೇಡಿ, ಸ್ಕ್ಯಾನಿಂಗ್‌ನಲ್ಲಿ ನೋಡಿಸಿ.

## ಈ ಸೂಚನೆ ಕಂಡರೆ ಕಾಯಬೇಡಿ

- ಮೂರು ತಿಂಗಳು ಮುಟ್ಟೇ ಬಂದಿಲ್ಲ, ಅಥವಾ ಪದೇ ಪದೇ 35 ದಿನ ದಾಟುತ್ತಿದೆ.
- ಮುಟ್ಟಿನಲ್ಲಿ ಗಂಟೆಗೊಂದು ಪ್ಯಾಡ್ ನೆನೆಯುತ್ತದೆ, ಅಥವಾ ನೋವಿಗೆ ಕೆಲಸಕ್ಕೆ ರಜೆ ಹಾಕಬೇಕಾಗುತ್ತದೆ.
- ಬಾಣಂತಿಯಲ್ಲದೆ ಮೊಲೆಯಿಂದ ಹಾಲು ಬರುತ್ತದೆ.
- ಗಲ್ಲ, ಎದೆಯ ಮೇಲೆ ಗಡುಸು ಕೂದಲು ಬರುತ್ತಿದೆ, ಕುತ್ತಿಗೆಯ ಹಿಂದೆ ಚರ್ಮ ಕಪ್ಪಗೆ ದಪ್ಪಗಾಗಿದೆ.
- ಊಟ ಬದಲಿಸಿದ ಮೇಲೆ ತಲೆಸುತ್ತು ಬರುತ್ತಿದೆ, ಮುಟ್ಟು ಮೊದಲಿಗಿಂತ ದೂರವಾಗಿದೆ, ತಿನ್ನಲು ಹೆದರಿಕೆ ಶುರುವಾಗಿದೆ.
- ಟೆಸ್ಟ್ ಪಾಸಿಟಿವ್ ಬಂದಿದೆ, ಜೊತೆಗೆ ಹೊಟ್ಟೆಯ ಒಂದೇ ಬದಿಯಲ್ಲಿ ಜೋರು ನೋವು. ಗರ್ಭ ನಾಳದಲ್ಲಿ ನಿಂತಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ಇವೇನೂ ಇಲ್ಲದಿದ್ದರೂ ಒಂದು ವರ್ಷ ಪ್ರಯತ್ನಿಸಿ ಆಗದಿದ್ದರೆ, 35 ದಾಟಿದವರು ಆರು ತಿಂಗಳಿಗೇ, ವೈದ್ಯರನ್ನು ಕಾಣಬೇಕು. ಹೋಗುವಾಗ ಆ ಕ್ಯಾಲೆಂಡರ್, ರಕ್ತದ ವರದಿ, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಚೀಲದಲ್ಲಿರಲಿ. ಗಂಡನೂ ಜೊತೆಗೆ ಬರಲಿ, ವೀರ್ಯ ಪರೀಕ್ಷೆ ಮೊದಲ ಭೇಟಿಯಲ್ಲೇ ಬರೆಸಿಕೊಳ್ಳಿ. ಅದು ಒಂದೇ ದಿನದಲ್ಲಿ ಮುಗಿಯುವ, ನೋವಿಲ್ಲದ ಪರೀಕ್ಷೆ. ನಿಮಗೆ ಯಾವುದೇ ದೊಡ್ಡ ಪರೀಕ್ಷೆ ಮಾಡುವ ಮುಂಚೆ ಅದರ ವರದಿ ಕೈಯಲ್ಲಿರಬೇಕು.